ವಾಯುನೌಕೆಯ ಹೊಟ್ಟೆಯಿಂದ ಹಾರುತ್ತಿದ್ದ ವಿಮಾನ ಸೋತದ್ದೇಕೆ?

ಪ್ರಶ್ನೆ: ಹಗುರ ಅನಿಲ ತುಂಬಿ ತೇಲಿಸುವ ದೈತ್ಯ ವಾಯುನೌಕೆಯಿಂದ ಹಾರಿ, ಮರಳಿ ಅದರೊಳಗೇ ಸೇರುತ್ತಿದ್ದ ಅಮೆರಿಕದ ಸ್ಪ್ಯಾರೋಹಾಕ್ ವಿಮಾನ ವಿಫಲವಾಯಿತೆಂದು ಓದಿದ್ದೇನೆ. ಗಾಳಿಯಲ್ಲೇ ಕೊಕ್ಕೆ ಸಿಕ್ಕಿಸುವುದು ಅಷ್ಟು ಅಪಾಯಕರವಾಗಿತ್ತೇ?

ಉತ್ತರ: ಇಲ್ಲ. ನೋಡಿದವರ ಎದೆ ಝಲ್ಲೆನ್ನಿಸುವ ಆ ಕೊಕ್ಕೆಯ ಕೆಲಸವೇ ಈ ವಿಮಾನದ ಮಟ್ಟಿಗೆ ಅತ್ಯಂತ ಸುಸೂತ್ರವಾಗಿ ನಡೆದದ್ದು. ತೊಡಕು ಇದ್ದದ್ದು ಬೇರೆಡೆ.

ಕರ್ಟಿಸ್ ಕಂಪನಿಯ ಎಫ್9ಸಿ ಸ್ಪ್ಯಾರೋಹಾಕ್ ವಾಯುನೌಕೆಗೆಂದು ಹುಟ್ಟಿದ್ದೇ ಅಲ್ಲ. ಸಮುದ್ರದ ಮೇಲಿನ ವಿಮಾನವಾಹಕ ನೌಕೆಗಳಿಗೆ ಪುಟ್ಟದೊಂದು ಯುದ್ಧವಿಮಾನ ಬೇಕೆಂದು ಅಮೆರಿಕದ ನೌಕಾಪಡೆ 1930ರಲ್ಲಿ ಕೇಳಿದಾಗ ರೂಪುಗೊಂಡು, 1931ರಲ್ಲಿ ಹಾರಿದ ಎರಡು ರೆಕ್ಕೆಯ ವಿಮಾನವಿದು. ಪೈಲಟ್‌ಗೆ ಮುಂದಿನ ಕೆಳಭಾಗ ಸರಿಯಾಗಿ ಕಾಣದಿರುವುದೇ ಮೊದಲಾದ ಕೊರತೆಗಳಿಂದ ಅಲ್ಲಿ ಅದು ಆಯ್ಕೆಯಾಗಲಿಲ್ಲ. ಆದರೆ ರೆಕ್ಕೆಗಳ ಹರವು ಎಂಟು ಮೀಟರಿಗೂ ಕಡಿಮೆ ಇದ್ದುದರಿಂದ, ಆಗಷ್ಟೇ ಸಿದ್ಧವಾಗುತ್ತಿದ್ದ ಆಕ್ರಾನ್ ವಾಯುನೌಕೆಯ ಬಾಗಿಲಿನಲ್ಲಿ ತೂರುತ್ತಿತ್ತು. ಅಳತೆ ಹೊಂದಿತೆಂಬ ಕಾರಣಕ್ಕೆ ಆರಿಸಿದ ಯುದ್ಧವಿಮಾನ ಎಂದರೆ ಕಟುವಾದೀತು, ಆದರೆ ಸುಳ್ಳಾಗದು.

ಹತ್ತುವ ಕ್ರಮ ಹೀಗಿತ್ತು. ಸುಮಾರು 240 ಮೀಟರ್ ಉದ್ದದ ವಾಯುನೌಕೆ ತನ್ನ ಹೊಟ್ಟೆಯಿಂದ ಉಯ್ಯಾಲೆಯಂಥ ಚೌಕಟ್ಟನ್ನು ಇಳಿಬಿಡುತ್ತಿತ್ತು. ಪೈಲಟ್ ಕೆಳಗಿನಿಂದ ಬಂದು, ನೌಕೆಗಿಂತ ತುಸುವೇ ಹೆಚ್ಚು ವೇಗದಲ್ಲಿ ಸಮೀಪಿಸಿ, ಮೇಲಿನ ರೆಕ್ಕೆಯ ಮೇಲಿದ್ದ ಕೊಕ್ಕೆಯನ್ನು ಅದರ ಅಡ್ಡಸರಳಿಗೆ ಸಿಕ್ಕಿಸುತ್ತಿದ್ದ. ಎರಡೂ ಒಂದೇ ದಿಕ್ಕಿನಲ್ಲಿ ಸಾಗುತ್ತಿದ್ದುದರಿಂದ, ನೆಲದಿಂದ ಕಂಡಷ್ಟು ಕಠಿಣವಾಗಿ ಅದು ಇರಲಿಲ್ಲ. ವಿಮಾನಗಳ ಮೇಲೆ ಬರೆಸಿದ್ದ ಲಾಂಛನದಲ್ಲಿ ಉಯ್ಯಾಲೆಗೆ ಜೋತುಬಿದ್ದ ದಢೂತಿ ಸರ್ಕಸ್‌ಗಾರನೊಬ್ಬ ಹಾರಿಬರುವ ಸಣಕಲನನ್ನು ಹಿಡಿಯಲು ಕೈಚಾಚಿರುತ್ತಾನೆ.

ವಾಯುನೌಕೆಯನ್ನು ಕಾಯುವುದಕ್ಕಿಂತ ಅದರ ಪರವಾಗಿ ಶತ್ರುನೌಕೆಗಳನ್ನು ಹುಡುಕುವುದೇ ಇವುಗಳಿಗೆ ತಕ್ಕ ಕೆಲಸವೆಂಬುದು ನಿಧಾನವಾಗಿ ಹೊಳೆಯಿತು. ಇಳಿಯಬೇಕಾದದ್ದು ಕೊಕ್ಕೆಗೇ ಆದ್ದರಿಂದ ಚಕ್ರಗಳನ್ನು ಕಳಚಿ, ಆ ಜಾಗದಲ್ಲಿ ಹೆಚ್ಚುವರಿ ಇಂಧನದ ಟ್ಯಾಂಕ್ ಕಟ್ಟಿದರು. 1934ರ ಜುಲೈಯಲ್ಲಿ ಆಕ್ರಾನ್‌ನಂಥದೇ ಇನ್ನೊಂದು ವಾಯುನೌಕೆಯಾದ ಮೇಕನ್‌ನ ಎರಡು ಸ್ಪ್ಯಾರೋಹಾಕ್‌ಗಳು, ಅಧ್ಯಕ್ಷ ರೂಸ್‌ವೆಲ್ಟ್ ಪ್ರಯಾಣಿಸುತ್ತಿದ್ದ ಹ್ಯೂಸ್ಟನ್ ಯುದ್ಧನೌಕೆಯನ್ನು ಪೆಸಿಫಿಕ್ ಸಾಗರದ ನಡುವೆ ಪತ್ತೆಹಚ್ಚಿ, ಅವರಿಗಾಗಿ ಸುದ್ದಿಪತ್ರಿಕೆಗಳನ್ನು ಕೆಳಗೆ ಹಾಕಿದವು. ವಿಚಕ್ಷಣೆಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೇನಿದ್ದೀತು?

ಅಷ್ಟರಲ್ಲಾಗಲೇ ಆಕ್ರಾನ್ ಇರಲಿಲ್ಲ. 1933ರ ಏಪ್ರಿಲ್ 4ರಂದು ನ್ಯೂಜೆರ್ಸಿ ತೀರದಾಚೆ ಬಿರುಗಾಳಿಗೆ ಸಿಲುಕಿ ಅದು ಸಮುದ್ರಕ್ಕೆ ಬಿದ್ದಾಗ 76 ಜನರಲ್ಲಿ 73 ಮಂದಿ ಸತ್ತಿದ್ದರು. 1935ರ ಫೆಬ್ರವರಿ 12ರಂದು ಕ್ಯಾಲಿಫೋರ್ನಿಯಾದ ಪಾಯಿಂಟ್ ಸರ್ ಬಳಿ ಮೇಕನ್‌ನ ಬಾಲದ ಮೇಲಿನ ಫಿನ್ (ನೌಕೆಯನ್ನು ಸ್ಥಿರವಾಗಿಡುವ ರೆಕ್ಕೆ) ಮುರಿಯಿತು. ಹಿಂದಿನ ವರ್ಷವೇ ಪೆಟ್ಟು ತಿಂದಿದ್ದ ಆ ಭಾಗವನ್ನು ಬಲಪಡಿಸುವ ಕೆಲಸ ಪೂರ್ತಿಯಾಗಿರಲಿಲ್ಲ. 83 ಜನರಲ್ಲಿ ಇಬ್ಬರು ತೀರಿಕೊಂಡರು. ಒಳಗಿದ್ದ ನಾಲ್ಕು ಸ್ಪ್ಯಾರೋಹಾಕ್‌ಗಳು ಮುಳುಗಿದವು. ಮೂಲಮಾದರಿಗಳನ್ನು ಬಿಟ್ಟರೆ ತಯಾರಾದದ್ದೇ ಆರು ವಿಮಾನ, ಹೊತ್ತೊಯ್ಯುವ ನೌಕೆ ಒಂದೂ ಉಳಿದಿರಲಿಲ್ಲ. ವಿಮಾನ ವಿಫಲವಾಯಿತೆನ್ನುವುದಕ್ಕಿಂತ, ತಾಯಿಯಿಲ್ಲದೆ ಅನಾಥವಾಯಿತೆನ್ನುವುದು ನ್ಯಾಯ.

ಉಳಿದುಕೊಂಡ ಒಂದೇ ಒಂದು ಸ್ಪ್ಯಾರೋಹಾಕ್ ಈಗ ಸ್ಮಿತ್ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿದೆ, ರೆಕ್ಕೆಯ ಮೇಲಿನ ಕೊಕ್ಕೆಯ ಸಮೇತ.