ಯುದ್ಧಕಾಲದಲ್ಲಿ ಮಗು ಓದುವುದು ಹಿರಿಯರ ಮುಖವನ್ನು

2025ರ ಮೇ ತಿಂಗಳಲ್ಲಿ ಭಾರತ ಮತ್ತು ಪಾಕಿಸ್ತಾನಗಳ ನಡುವಿನ ಸಂಘರ್ಷ ತೀವ್ರಗೊಂಡಾಗ, ಗಡಿಯಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿರುವ ತೀರ್ಥಹಳ್ಳಿ, ಸಾಗರ, ಹೊಸನಗರದ ಮನೆಗಳಲ್ಲಿಯೂ ಟಿವಿ ರಾತ್ರಿಯವರೆಗೆ ಉರಿಯುತ್ತಿತ್ತು. ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್‌ನಲ್ಲಿ ಉಗ್ರರ ದಾಳಿಗೆ ಪ್ರಾಣ ಕಳೆದುಕೊಂಡವರಲ್ಲಿ ಶಿವಮೊಗ್ಗದವರೊಬ್ಬರೂ ಇದ್ದುದರಿಂದ ಈ ಸೀಮೆಯವರಿಗೆ ಅದು ಬೇರೆ ಯಾರದೋ ಊರಿನ ಸುದ್ದಿಯಾಗಿ ಉಳಿದಿರಲಿಲ್ಲ. ಬೇಸಿಗೆ ರಜೆಗೆ ಅಜ್ಜಿಮನೆಗೆ ಬಂದ ಮಕ್ಕಳು ದೊಡ್ಡವರ ಜೊತೆಗೇ ಕುಳಿತು ಎಲ್ಲವನ್ನೂ ನೋಡುತ್ತಿದ್ದರು. ಮೇ ತಿಂಗಳ ಗಾಳಿಮಳೆಗೆ ಕರೆಂಟು ಹೋಗುವುದು ಮಲೆನಾಡಿನಲ್ಲಿ ಮಾಮೂಲು. ಆದರೆ ಸಂಜೆ ಟಿವಿಯಲ್ಲಿ, ವಾಯುದಾಳಿಯ ಭಯಕ್ಕೆ ಊರಿನ ದೀಪಗಳನ್ನೆಲ್ಲ ಆರಿಸುವ ‘ಬ್ಲ್ಯಾಕ್‌ಔಟ್’ನ ಮಾತನ್ನು ಕೇಳಿಸಿಕೊಂಡ ಮಗುವಿಗೆ ಆ ಕತ್ತಲೆ ಮಾಮೂಲಿನದಲ್ಲ. “ಅಜ್ಜಿ, ಇಲ್ಲಿಗೂ ಬಾಂಬ್ ಬೀಳ್ತದಾ?” ಎಂದು ಅದು ಕೇಳಿದರೆ, ಮಾತಿನ ಉತ್ತರಕ್ಕೂ ಮೊದಲು ಅದು ನೋಡುವುದು ಅಜ್ಜಿಯ ಮುಖವನ್ನು.

ಇದನ್ನು ಸ್ಪಷ್ಟವಾಗಿ ತೋರಿಸಿದ ಪ್ರಯೋಗವೊಂದರ ವರದಿ 1985ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಒಂದು ವರ್ಷದ ಕೂಸುಗಳನ್ನು ಗಟ್ಟಿ ಗಾಜಿನ ಮೇಜಿನ ಮೇಲೆ ಅಂಬೆಗಾಲಿಡಲು ಬಿಟ್ಟರು. ನಡುವೆ ಒಂದು ಕಡೆ, ಗಾಜಿನ ಅಡಿಯಲ್ಲಿ, ಸುಮಾರು ಒಂದು ಅಡಿ ಆಳದ ತಗ್ಗು ಇದ್ದಂತೆ ಕಾಣುತ್ತಿತ್ತು. ಆಚೆ ಬದಿಯಲ್ಲಿ ನಿಂತ ತಾಯಿ ಮಾತಾಡುವಂತಿರಲಿಲ್ಲ, ಮುಖಭಾವವನ್ನಷ್ಟೇ ತೋರಬೇಕಿತ್ತು. ತಾಯಿಯ ಮುಖ ನಗುನಗುತ್ತಿದ್ದಾಗ 19 ಕೂಸುಗಳಲ್ಲಿ 14 ಆ ತಗ್ಗನ್ನು ದಾಟಿ ಬಂದವು. ಮುಖದಲ್ಲಿ ಭಯವಿದ್ದಾಗ 17ರಲ್ಲಿ ಒಂದೂ ದಾಟಲಿಲ್ಲ. ಎದುರಿಗಿರುವುದು ಅಪಾಯವೋ ಅಲ್ಲವೋ ಎಂಬ ಸಂದೇಹ ಬಂದಾಗ ಮಗು ತನ್ನವರ ಮುಖದಲ್ಲಿ ತೀರ್ಪನ್ನು ಹುಡುಕುತ್ತದೆ.

ಅಪಾಯದ ಸುಳಿವು ಸಿಕ್ಕಾಗ ಮಿದುಳಿನ ಅಮಿಗ್ಡಲ ಎಂಬ ಭಾಗ ಎಚ್ಚೆತ್ತು, ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಮತ್ತು ಪಿಟ್ಯುಟರಿಗಳ ಮೂಲಕ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಗೆ ಸಂದೇಶ ಹೋಗಿ, ರಕ್ತದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಏರುತ್ತದೆ. ಈ ಭಯವನ್ನು ಯೋಚಿಸಿ ಹತೋಟಿಗೆ ತರುವ ಮುಂಭಾಗದ ಮಿದುಳು ಪೂರ್ಣವಾಗಿ ಬಲಿಯುವುದು ಇಪ್ಪತ್ತರ ಹರೆಯದ ನಡುವಿನಲ್ಲಿ. ಅಲ್ಲಿಯವರೆಗೆ, ವಿಶೇಷವಾಗಿ ಎಳೆಯ ವಯಸ್ಸಿನಲ್ಲಿ, ನಂಬಿಕೆಯ ಹಿರಿಯರೊಬ್ಬರು ಪಕ್ಕದಲ್ಲಿದ್ದರೆ ಕಾರ್ಟಿಸಾಲ್‌ನ ಏರಿಕೆಯೇ ಕಡಿಮೆಯಾಗುತ್ತದೆಂದು ಅಧ್ಯಯನಗಳು ತೋರಿಸಿವೆ.

ಎರಡನೆಯ ಮಹಾಯುದ್ಧದ ಲಂಡನ್ನಿನಲ್ಲಿ ಇದೇ ಸಂಗತಿ ನೋವಿನ ರೀತಿಯಲ್ಲಿ ಕಂಡುಬಂತು. 1939ರ ಸೆಪ್ಟೆಂಬರ್ 1ರಿಂದ ಕೆಲವೇ ದಿನಗಳಲ್ಲಿ ಬ್ರಿಟನ್ನಿನ ನಗರಗಳಿಂದ ಸುಮಾರು 15 ಲಕ್ಷ ಜನರನ್ನು ಹಳ್ಳಿಗಾಡಿಗೆ ಸಾಗಿಸಲಾಯಿತು. ಅವರಲ್ಲಿ ಬಹಳಷ್ಟು ಮಕ್ಕಳು ತಂದೆತಾಯಿಯರನ್ನು ಬಿಟ್ಟು ಹೋದವರು. ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಯುದ್ಧಕಾಲದ ಶಿಶುವಿಹಾರಗಳನ್ನು ನಡೆಸಿದ ಮಕ್ಕಳ ಮನೋವಿಶ್ಲೇಷಕಿಯರಾದ ಆನಾ ಫ್ರಾಯ್ಡ್ ಮತ್ತು ಡೊರೊತಿ ಬರ್ಲಿಂಗ್‌ಹ್ಯಾಮ್ ಗಮನಿಸಿದಂತೆ, ಸಮಾಧಾನದಿಂದಿದ್ದ ತಾಯಿಯ ಜೊತೆ ಬಾಂಬುಗಳ ಸದ್ದಿನಲ್ಲೇ ಉಳಿದ ಎಳೆಯ ಮಕ್ಕಳಿಗಿಂತ, ಸುರಕ್ಷಿತ ಜಾಗಕ್ಕೆ ಒಂಟಿಯಾಗಿ ಹೋದ ಮಕ್ಕಳು ಹೆಚ್ಚು ಕುಗ್ಗಿದರು. ಮಕ್ಕಳ ಜೀವ ಉಳಿಸುವುದಕ್ಕೆಂದೇ ಅವರನ್ನು ಕಳುಹಿಸಿದ್ದು, ನಿಜ. ಆದರೆ ಅಗಲಿಕೆಯೂ ಒಂದು ಪೆಟ್ಟೇ ಎಂಬುದನ್ನು ಲೋಕ ಕಲಿತದ್ದು ಆ ಮಕ್ಕಳಿಂದ.

ದೂರದಲ್ಲಿರುವ ನಮಗೆ ಟಿವಿ ಮತ್ತು ಮೊಬೈಲುಗಳ ವಿಷಯವೇ ಮುಖ್ಯವೆಂದು ನನ್ನ ಭಾವನೆ. 2013ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್ ಓಟದಲ್ಲಿ ನಡೆದ ಬಾಂಬ್ ಸ್ಫೋಟದ ನಂತರ ನಡೆದ ಸಮೀಕ್ಷೆಯೊಂದರಲ್ಲಿ, ಮೊದಲ ವಾರದಲ್ಲಿ ದಿನಕ್ಕೆ ಆರು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಅದರ ಸುದ್ದಿ ನೋಡಿದ ವಯಸ್ಕರಲ್ಲಿ, ಸ್ಫೋಟದ ಸ್ಥಳದಲ್ಲಿದ್ದವರಿಗಿಂತಲೂ ಹೆಚ್ಚಿನ ಮಾನಸಿಕ ಒತ್ತಡ ಕಂಡುಬಂತು. ಸಣ್ಣ ಮಕ್ಕಳಿಗಂತೂ ಮತ್ತೆ ಮತ್ತೆ ತೋರಿಸುವ ಒಂದೇ ದೃಶ್ಯ ಪ್ರತಿ ಸಲವೂ ಹೊಸ ದಾಳಿಯಾಗಿ ಕಾಣಬಹುದು. ಆದ್ದರಿಂದ ಸುದ್ದಿಗೆ ಹೊತ್ತು ಗೊತ್ತುಮಾಡಿ, ಮಕ್ಕಳು ಮಲಗುವ ಮೊದಲೇ ಟಿವಿ ಆರಿಸುವುದು ಒಳ್ಳೆಯದು.

ಹಾಗೆಂದು ಸುಳ್ಳು ಹೇಳಬಾರದು. “ಏನೂ ಆಗಿಲ್ಲ, ಸುಮ್ಮನಿರು” ಎಂದರೆ ಮಗು ಪ್ರಶ್ನೆಯನ್ನು ಬಿಡುವುದಿಲ್ಲ, ನಮ್ಮನ್ನು ಕೇಳುವುದನ್ನು ಬಿಡುತ್ತದೆ. ಅದಕ್ಕೆ ಏನು ಗೊತ್ತಿದೆಯೆಂದು ಮೊದಲು ಕೇಳಿ, ಅಷ್ಟಕ್ಕೆ ನಿಜವಾದ ಚಿಕ್ಕ ಉತ್ತರ ಕೊಡಬೇಕು: “ಜಗಳ ನಡೀತಿರೋದು ಇಲ್ಲಿಂದ ತುಂಬಾ ದೂರ. ಕರೆಂಟು ಹೋಗಿದ್ದು ಗಾಳಿಗೆ, ಲೈನ್ ಮೇಲೆ ಮರ ಬಿದ್ದಿರಬೇಕು. ನಾನು ಇಲ್ಲೇ ಇದೀನಿ.” ಮರುದಿನ ಬಿಸಿಲು ಬಿದ್ದಾಗ ಅಂಗಳದಲ್ಲಿ ಹಲಸಿನ ಹಪ್ಪಳ ಒಣಹಾಕಿ, ಕೋಲು ಹಿಡಿದು ಕಾಗೆ ಓಡಿಸುವ ಕೆಲಸವನ್ನು ಆ ಮಗುವಿಗೇ ವಹಿಸಿದರೆ, ನಿನ್ನೆಯಂತೆಯೇ ಇಂದೂ ದಿನ ನಡೆಯುತ್ತಿದೆಯೆಂಬ ಭರವಸೆ ಅದರ ಕೈಗೇ ಸಿಗುತ್ತದೆ. ಒತ್ತಾಯಿಸಿ ಮಾತಾಡಿಸುವ ಅಗತ್ಯವಿಲ್ಲ. ಸೈನಿಕರ ಆಟ, ಬಾಂಬಿನ ಚಿತ್ರ ಇವೆಲ್ಲ ಮಗು ಭಯವನ್ನು ಅರಗಿಸಿಕೊಳ್ಳುವ ದಾರಿಗಳು. ಗದರಿಸದೆ ಪಕ್ಕದಲ್ಲಿ ಕುಳಿತರೆ ಸಾಕು.

ಮಗ ಅಥವಾ ಗಂಡ ಸೇನೆಯಲ್ಲಿರುವ ಮನೆಯ ಕಷ್ಟ ಇದಕ್ಕಿಂತ ಬೇರೆ. ಫೋನ್ ಬಾರದ ಒಂದೊಂದು ದಿನವೂ ಅಲ್ಲಿ ಭಾರವಾಗಿರುತ್ತದೆ. ಅಂಥ ಮನೆಗೆ ಹೋದವರು ವಾಟ್ಸ್ಆ್ಯಪ್‌ನಲ್ಲಿ ಬಂದ ವದಂತಿಯನ್ನು ಹೊತ್ತೊಯ್ಯಬಾರದು, “ಧೈರ್ಯವಾಗಿರು” ಎಂದು ಉಪದೇಶಿಸಿ ಎದ್ದು ಬರಲೂಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಹೇಳುವುದೂ ಗಮನಿಸಿ, ಕೇಳಿಸಿಕೊಳ್ಳಿ, ಬೇಕಾದ ನೆರವಿಗೆ ಜೋಡಿಸಿ ಎಂದೇ. ತೋಟದ ಕೆಲಸಕ್ಕೆ ಒಂದು ಆಳನ್ನು ಹೊಂದಿಸಿಕೊಡುವುದು, ಮಕ್ಕಳನ್ನು ಒಂದು ಮಧ್ಯಾಹ್ನ ತಮ್ಮ ಮನೆಗೆ ಕರೆದೊಯ್ಯುವುದು ಆ ತಾಯಿಗೆ ಉಸಿರಾಡಲು ಬಿಡುವು ಕೊಡುತ್ತದೆ.

ಹಾಸಿಗೆ ಒದ್ದೆ ಮಾಡುವುದು, ಕಾರಣವಿಲ್ಲದ ಹೊಟ್ಟೆನೋವು, ಸೆರಗು ಬಿಡದಿರುವುದು ಮುಂತಾದವು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ತಿಂಗಳಾದರೂ ಇಳಿಯದಿದ್ದರೆ, ಅಥವಾ ಮಗು ಊಟ, ಆಟ ಎರಡನ್ನೂ ಬಿಟ್ಟರೆ, ಶಿವಮೊಗ್ಗದ ಮೆಗ್ಗಾನ್‌ನಂಥ ದೊಡ್ಡ ಆಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಗುವಿನ ವಿಷಯಕ್ಕಷ್ಟೇ ಅಲ್ಲ, ರಾತ್ರಿಯೆಲ್ಲ ಫೋನ್ ನೋಡುತ್ತಾ ನಿದ್ದೆಗೆಟ್ಟ ತಾಯಿತಂದೆಯರು ತಮ್ಮ ಸಲುವಾಗಿಯೂ ಆ ಕರೆಯನ್ನು ಮಾಡಬಹುದು.