ಊತಂಗ್ ನ ಲೊಓಬ್: ಒಳಗಿನ ಸಾಲ

ಫಿಲಿಪೀನ್ಸಿನಲ್ಲಿ ಬೆಳೆಯುವ ಮಗುವಿನ ಕಿವಿಗೆ ಬೇಗನೆ ಬೀಳುವ ಮಾತು ಇದು. ಟಗಾಲೋಗ್ ಭಾಷೆಯದು. ಕೊನೆಯ ಪದವನ್ನು ಲೊ-ಓಬ್ ಎಂದು ನಡುವೆ ಚೂರು ತಡೆದು ಹೇಳಬೇಕು. ಸುಮ್ನೆ ‘ಕೃತಜ್ಞತೆ’ ಎಂದು ಕನ್ನಡಕ್ಕೆ ತಂದುಬಿಟ್ಟರೆ ಅರ್ಧ ಅರ್ಥ ಸೋರಿಹೋಗುತ್ತದೆ.

ಊತಂಗ್ ಅಂದರೆ ಸಾಲ. ಬೀದಿ ಮೂಲೆಯ ‘ಸಾರಿ-ಸಾರಿ’ ಅಂಗಡಿಯಿಂದ ಸಾಬೂನು ಉದ್ರಿ ತಂದರೆ ಅದೂ ಊತಂಗೇ. ನಮ್ಮಲ್ಲಿ ‘ಇಂದು ನಗದು, ನಾಳೆ ಉದ್ರಿ’ ಎಂದು ಬರೆದಿರುತ್ತಾರಲ್ಲ, ಅಲ್ಲಿನ ಅಂಗಡಿಗಳಲ್ಲೂ ಅಂಥದೇ ಬೋರ್ಡು ಕಾಣುತ್ತದೆ.

ಲೊಓಬ್ ಅಂದರೆ ಒಳಗು. ಮನೆಯ ಒಳಗೂ ಲೊಓಬ್, ಮನುಷ್ಯನ ಒಳಗೂ ಲೊಓಬ್. ಧೈರ್ಯಕ್ಕೆ ಅವರು ‘ಲಕಾಸ್ ನಂಗ್ ಲೊಓಬ್’ ಅನ್ನುತ್ತಾರೆ, ಒಳಗಿನ ಬಲ. ಮನಸ್ತಾಪಕ್ಕೆ ‘ಸಾಮಾ ನಂಗ್ ಲೊಓಬ್’, ಒಳಗು ಕೆಟ್ಟಿದೆ ಎಂದು. ಒಳ್ಳೆಯತನಕ್ಕೆ ‘ಕಗಂದಹಂಗ್ ಲೊಓಬ್’, ಒಳಗಿನ ಚೆಲುವು. ಎಷ್ಟು ಚೆಂದದ ಮಾತು, ಅಲ್ವಾ? ಒಬ್ಬರು ತಮ್ಮ ಒಳಗಿನ ಚೆಲುವಿನಿಂದ ಏನನ್ನೋ ಕೊಟ್ಟರೆ, ಪಡೆದವರ ಒಳಗೆ ಅದು ಸಾಲವಾಗಿ ಕೂರುತ್ತದೆ. ಅದೇ ಊತಂಗ್ ನ ಲೊಓಬ್.

ಒಂದು ನಿಜ ಪ್ರಸಂಗ ಹೇಳಿದರೆ ಇದು ತಿಳಿಯಾಗುತ್ತದೆ. 1886ರ ಚಳಿಗಾಲದಲ್ಲಿ ಫಿಲಿಪೀನ್ಸಿನ ರಾಷ್ಟ್ರವೀರ ಎನಿಸಿದ ಲೇಖಕ ಹೊಸೆ ರಿಸಾಲ್ ಬರ್ಲಿನ್‌ನಲ್ಲಿದ್ದರು. ಸ್ಪೇನಿನ ಆಳ್ವಿಕೆಯಲ್ಲಿ ತಮ್ಮ ನಾಡು ಪಡುತ್ತಿದ್ದ ಪಾಡನ್ನು ‘ನೋಲಿ ಮೆ ತಾಂಗೆರೆ’ ಕಾದಂಬರಿಯಲ್ಲಿ ಬರೆದಿದ್ದರು. ಅಚ್ಚು ಹಾಕಿಸಲು ದುಡ್ಡಿರಲಿಲ್ಲ, ಊಟಕ್ಕೂ ತತ್ವಾರ. ಆಗ ಬುಲಕಾನ್ ಪ್ರಾಂತ್ಯದ ಗೆಳೆಯ ಮಾಕ್ಸಿಮೊ ವಿಯೋಲಾ 300 ಪೆಸೊ ಕೊಟ್ಟರು. 1887ರ ಮಾರ್ಚಿನಲ್ಲಿ 2,000 ಪ್ರತಿಗಳು ಅಚ್ಚಾದವು. ಮುಂದೆ ಅಣ್ಣ ಪಸಿಯಾನೊ ಕಳಿಸಿದ ಹಣ ಕೈಸೇರಿದಾಗ ರಿಸಾಲ್ ಆ 300 ಪೆಸೊ ತೀರಿಸಿದರು. ಲೆಕ್ಕ ಚುಕ್ತಾ ಆಯಿತು. ದುಡ್ಡಿನ ಲೆಕ್ಕದಾಚೆಗೆ, ಕಾದಂಬರಿಯ ಕರಡಚ್ಚಿನ ಹಾಳೆಗಳನ್ನೂ ತಾವು ಬರೆದ ಲೇಖನಿಯನ್ನೂ ವಿಯೋಲಾಗೆ ಕೊಟ್ಟಿದ್ದರು. ಊತಂಗ್ ತೀರಿತ್ತು, ಊತಂಗ್ ನ ಲೊಓಬ್ ಉಳಿದಿತ್ತು. ನಾನು ಇದನ್ನು ಹಾಗೇ ಓದಿಕೊಳ್ಳುತ್ತೇನೆ.

ಕನ್ನಡದಲ್ಲಿ ಇದಕ್ಕೆ ಒಂದೇ ಪದ ಸಾಲದು. ನಮಗೆ ಎರಡು ಪದಗಳಿವೆ: ಋಣ ಮತ್ತು ಹಂಗು. ಅನ್ನದ ಋಣ, ಹೆತ್ತವರ ಋಣ ಎನ್ನುವಾಗ ದನಿಯಲ್ಲಿ ಗೌರವ ಇರುತ್ತದೆ. ‘ಅವರ ಹಂಗು ನನಗೆ ಬೇಡ’ ಎನ್ನುವಾಗ ಕೊರಳು ಬಿಗಿಯುತ್ತದೆ. ಟಗಾಲೋಗ್‌ನಲ್ಲಿ ಈ ಎರಡನ್ನೂ ಊತಂಗ್ ನ ಲೊಓಬ್ ಒಂದೇ ಹೊತ್ತುಕೊಂಡಿದೆ. ಅಲ್ಲಿನ ಮನೆಗಳಲ್ಲಿ ಈ ಮಾತಿನ ಸುತ್ತ ಇಷ್ಟು ಪ್ರೀತಿಯೂ ಇಷ್ಟು ಜಗಳವೂ ಇರುವುದಕ್ಕೆ ಇದೇ ಕಾರಣ ಎಂದು ನನಗನ್ನಿಸುತ್ತದೆ.

ಹಂಗಿಸುವುದಕ್ಕೆ ಮಾತ್ರ ಅವರಲ್ಲಿ ಬೇರೆ ಪದವಿದೆ: ‘ಸುಂಬತ್’. ಮಾಡಿದ ಉಪಕಾರವನ್ನು ಎತ್ತಿ ಆಡಿ ತೋರಿಸುವುದು. ‘ಪಿನಲಾಕಿ ಕಿತಾ, ಪಿನಗ್-ಆರಲ್ ಕಿತಾ’ (ನಿನ್ನನ್ನು ಸಾಕಿದೆ, ಓದಿಸಿದೆ) ಎಂದು ಅಪ್ಪನೋ ಅಮ್ಮನೋ ಸಿಟ್ಟಿನಲ್ಲಿ ಅಂದರೆ ಮಕ್ಕಳಿಗೆ ಚುಚ್ಚುತ್ತದೆ. ‘ವಲಂಗ್ ಊತಂಗ್ ನ ಲೊಓಬ್’, ಅಂದರೆ ಊತಂಗ್ ನ ಲೊಓಬ್ ಇಲ್ಲದವನು, ಅಲ್ಲಿನ ಅತಿ ಕಠಿಣ ಬೈಗುಳಗಳಲ್ಲಿ ಒಂದು.

ಈ ಭಾರ ಜಾಸ್ತಿ ಬೀಳುವುದು ‘ಪಂಗನಾಯ್’ ಮೇಲೆ, ಅಂದರೆ ಚೊಚ್ಚಲ ಮಗುವಿನ ಮೇಲೆ. ದುಬೈ, ಕುವೈತ್‌ಗಳಲ್ಲಿ ದುಡಿಯುವ ನಮ್ಮ ಕರಾವಳಿಯವರು ಇಂಥವರನ್ನು ಹತ್ತಿರದಿಂದ ಬಲ್ಲರು. ಸಂಬಳ ಬಂದ ಕೂಡಲೇ ತಂಗಿಯ ಕಾಲೇಜು ಫೀಸಿಗೆ, ತಾಯಿಯ ಔಷಧಿಗೆ ಊರಿಗೆ ಹಣ ಕಳಿಸುವ ಫಿಲಿಪಿನೋ ನರ್ಸುಗಳು, ಅಂಗಡಿ ಕೆಲಸದವರು. ತಾನಾಗಿಯೇ ಕೊಡುವವರೂ ಇದ್ದಾರೆ, ಒಳಗೊಳಗೇ ಸೋತವರೂ ಇದ್ದಾರೆ. ಹೆತ್ತವರನ್ನು ನೋಡಿಕೊಳ್ಳುವುದು ಯಾವ ಹಂತದಲ್ಲಿ ಸಾಲವಾಗಿಬಿಡುತ್ತದೆ ಎಂದು ಅಲ್ಲಿನ ಯುವಜನ ಇವತ್ತು ಬಾಯಿಬಿಟ್ಟು ಕೇಳುತ್ತಿದ್ದಾರೆ. ಕೇಳಲೇಬೇಕಾದ ಪ್ರಶ್ನೆ ಅದು. ರಾಜಕೀಯದಲ್ಲಂತೂ ಈ ಮೌಲ್ಯದ ದುರ್ಬಳಕೆ ನಡೆದೇ ಇದೆ. ಆಸ್ಪತ್ರೆ ಬಿಲ್ಲಿಗೋ ಶವಸಂಸ್ಕಾರಕ್ಕೋ ನೆರವಾದ ನಾಯಕನಿಗೆ ಬಡ ಕುಟುಂಬ ವೋಟಿನಲ್ಲಿ ಸಾಲ ತೀರಿಸುತ್ತದೆ.

ಹಾಗೆಂದು ಇದನ್ನು ಬರೀ ಕೊಡು-ಕೊಳ್ಳುವ ವ್ಯವಹಾರ ಎಂದುಕೊಂಡರೆ ತಪ್ಪಾಗುತ್ತದೆ. 1970ರ ದಶಕದಲ್ಲಿ ‘ಸಿಕೊಲೊಹಿಯಂಗ್ ಪಿಲಿಪಿನೊ’ ಎಂಬ ಮನಶ್ಶಾಸ್ತ್ರದ ಹೊಸ ದಾರಿ ತೆರೆದ ವರ್ಜಿಲಿಯೊ ಎನ್ರಿಕೆಸ್ ಇದನ್ನೇ ಒತ್ತಿ ಹೇಳಿದರು. ಅವರ ಮಟ್ಟಿಗೆ ಎಲ್ಲದರ ಬುಡದಲ್ಲಿರುವುದು ‘ಕಪ್ವಾ’: ಎದುರಿಗಿರುವವರು ನನ್ನಿಂದ ಬೇರೆಯಲ್ಲ ಎಂಬ ಅರಿವು. ಬೇರೆಯಲ್ಲದವರ ನಡುವೆ ಲೆಕ್ಕದ ಪುಸ್ತಕ ಯಾತಕ್ಕೆ?

ನನಗೆ ತುಂಬಾ ಹಿಡಿಸಿದ್ದು ಈ ಮಾತಿನ ಜೊತೆಗೆ ಬರುವ ಕ್ರಿಯಾಪದ. ‘ತನಾವ್’ ಅಂದರೆ ದೂರದಿಂದ ನೋಡುವುದು, ಕಿಟಕಿಯಲ್ಲಿ ನಿಂತು ಬೆಟ್ಟವನ್ನು ನೋಡಿದ ಹಾಗೆ. ದೊಡ್ಡ ಉಪಕಾರ ಪಡೆದವರು ಕೈಮುಗಿಯುವ ಭಾವದಲ್ಲಿ ಹೇಳುತ್ತಾರೆ: ‘ತತನವಿನ್ ಕೊ ಪೊಂಗ್ ಊತಂಗ್ ನ ಲೊಓಬ್’. ಅದರಲ್ಲಿನ ‘ಪೊ’ ನಮ್ಮ ಬಹುವಚನದಂಥ ಮರ್ಯಾದೆಯ ಸೇರಿಕೆ. ಎಷ್ಟೇ ದೂರ ಹೋದರೂ ಇದನ್ನು ಒಳಗಿನ ಸಾಲವಾಗಿ ನೋಡುತ್ತಿರುತ್ತೇನೆ ಎಂಬ ಭಾವ. ಈ ಮಾತನ್ನು ಪಡೆದವರೇ ಹೇಳಬೇಕು. ಕೊಟ್ಟವರು ಹೇಳಿದರೆ ಅದು ಸುಂಬತ್.