ದಾರಿಯಲ್ಲಿ ಕಳೆದ ಸೆಕೆಂಡು ಯಾರ ಲೆಕ್ಕಕ್ಕೆ?

2020ರ ಆಗಸ್ಟ್ 30. ವಿಶ್ವ ಚೆಸ್ ಸಂಸ್ಥೆ ಫಿಡೆ ನಡೆಸಿದ ಆನ್‌ಲೈನ್ ಒಲಿಂಪಿಯಾಡ್ ಫೈನಲ್, ಭಾರತ ಮತ್ತು ರಷ್ಯಾ ನಡುವೆ. ಮೊದಲ ಪಂದ್ಯ 3–3ರಲ್ಲಿ ಸಮವಾಗಿತ್ತು. ಎರಡನೆಯದರಲ್ಲಿ ನಿಹಾಲ್ ಸರೀನ್ ಮತ್ತು ದಿವ್ಯಾ ದೇಶಮುಖ್ ಅವರ ನೆಟ್ ಕಡಿದುಹೋಯಿತು. ಗಡಿಯಾರ ಮಾತ್ರ ನಿಲ್ಲಲಿಲ್ಲ. ಟೈಮ್ ಮುಗಿದು ಇಬ್ಬರೂ ಸೋತರು. ಅವತ್ತು ಜಗತ್ತಿನ ಎಷ್ಟೋ ಕಡೆ ನೆಟ್ ಕೈಕೊಟ್ಟಿತ್ತು. ಭಾರತ ದೂರು ಕೊಟ್ಟಿತು. ಕೊನೆಗೆ ಫಿಡೆ ಅಧ್ಯಕ್ಷ ಅರ್ಕಾಡಿ ದ್ವೊರ್ಕೊವಿಚ್ ಎರಡೂ ತಂಡಕ್ಕೆ ಚಿನ್ನ ಕೊಟ್ಟರು.

ಚೆಸ್‌ಗೆ ಗಡಿಯಾರ ಬಂದಿದ್ದೇ ತಡ ಮಾಡುವವರ ಕಾಟ ತಾಳಲಾರದೆ. 1851ರ ಲಂಡನ್ ಟೂರ್ನಿಯಲ್ಲಿ ಟೈಮ್ ಮಿತಿಯೇ ಇರಲಿಲ್ಲ. ಎಲಿಜಾ ವಿಲಿಯಮ್ಸ್ ಎಂಬಾತ ಒಂದೊಂದು ನಡೆಗೂ ಎದುರಾಳಿಗೆ ರೇಗುವಷ್ಟು ಹೊತ್ತು ಕೂರುತ್ತಿದ್ದ. ಹತ್ತು ವರ್ಷದ ಮೇಲೆ ಆಂಡರ್ಸನ್ ಮತ್ತು ಕೋಲಿಶ್ ಮರಳು ಗಡಿಯಾರ ಇಟ್ಟುಕೊಂಡು ಆಡಿದರು. 1883ರಲ್ಲಿ, ಮತ್ತೆ ಲಂಡನ್ನಿನಲ್ಲೇ, ಏತದ ಹಾಗೆ ಏಳುಬೀಳುವ ಪಟ್ಟಿಯ ಮೇಲೆ ಎರಡು ಗಡಿಯಾರ ಕೂರಿಸಿದರು. ಒಂದು ವಾಲಿದರೆ ಅದು ನಿಲ್ಲುತ್ತೆ, ಇನ್ನೊಂದು ಓಡುತ್ತೆ. ಈಗಿನ ಡಿಜಿಟಲ್ ಗಡಿಯಾರ ಮಾಡೋದೂ ಅದನ್ನೇ. ಪ್ರತಿ ನಡೆಗೂ ಒಂದಿಷ್ಟು ಸೆಕೆಂಡು ಸೇರಿಸಿಕೊಡುವ ಉಪಾಯ ಬಾಬಿ ಫಿಷರ್ ಅವರದು. ಅದಕ್ಕೆ 1989ರಲ್ಲಿ ಪೇಟೆಂಟ್ ಸಿಕ್ಕಿತು.

ಇಷ್ಟು ದಿನ ಇಬ್ಬರೂ ಒಂದೇ ಮೇಜಿನ ಮುಂದೆ ಇದ್ದರು. ತೊಂದರೆ ಶುರುವಾಗಿದ್ದು 1992ರಲ್ಲಿ, ಇಂಟರ್ನೆಟ್ ಚೆಸ್ ಸರ್ವರ್ ಬಂದಾಗ. ನೀವು ಕಾಯಿ ನಡೆಸಿದಿರಿ ಅನ್ನಿ. ಆ ಸುದ್ದಿ ಸರ್ವರ್ ಮುಟ್ಟಲು ಮೂರು ಸೆಕೆಂಡು ಬೇಕಾಯಿತು. ನಿಮ್ಮ ಗಡಿಯಾರದಲ್ಲಿ ಮೂರು ಸೆಕೆಂಡು ಹೋಯಿತು! ಯೋಚನೆ ಮಾಡದೆಯೇ ಖರ್ಚು. ಐದು ನಿಮಿಷದ ಆಟದಲ್ಲಿ ನಲವತ್ತು ನಡೆಗೆ ಹೀಗೆ ಹೋದರೆ ಎರಡು ನಿಮಿಷ ತಂತಿಯ ಪಾಲು.

ಇದಕ್ಕೆ ಪರಿಹಾರವಾಗಿ ಬಂದದ್ದು 'ಟೈಮ್‌ಸ್ಟ್ಯಾಂಪ್' ಎಂಬ ಪುಟ್ಟ ಪ್ರೋಗ್ರಾಮ್. ಅದು ಆಟಗಾರನ ಕಂಪ್ಯೂಟರಿನಲ್ಲೇ ಕೂತಿರುತ್ತೆ. ಎದುರಾಳಿಯ ನಡೆ ಪರದೆಗೆ ಬಂದ ಗಳಿಗೆ, ನೀವು ನಡೆಸಿದ ಗಳಿಗೆ, ಎರಡನ್ನೂ ಗುರುತು ಹಾಕಿ ಸರ್ವರ್‌ಗೆ ತಿಳಿಸುತ್ತೆ. ಗಡಿಯಾರದಲ್ಲಿ ಕಳೆಯೋದು ಅವೆರಡರ ನಡುವಿನ ಹೊತ್ತನ್ನು ಮಾತ್ರ. ಇನ್ನೊಂದು ಉಚಿತ ಸರ್ವರ್‌ನಲ್ಲಿ ಇದೇ ಕೆಲಸಕ್ಕೆ 'ಟೈಮ್‌ಸೀಲ್' ಇತ್ತು.

ಉಪಾಯ ಚೆನ್ನಾಗಿದೆ, ಅಲ್ವಾ? ಆದರೆ ಗಮನಿಸಿ, ಲೆಕ್ಕ ಬರೆಯುವವನು ಈಗ ಆಟಗಾರನ ಮನೆಯಲ್ಲೇ ಇದ್ದಾನೆ. ಅವನ ಬಾಯಲ್ಲಿ ಸುಳ್ಳು ಹೇಳಿಸಿದರೆ? ಹತ್ತು ಸೆಕೆಂಡು ಯೋಚಿಸಿ ಒಂದೇ ಸೆಕೆಂಡು ಅಂತ ಕಳಿಸಬಹುದು. ಅದಕ್ಕೇ ಈ ಸಂದೇಶಗಳಿಗೆ ಗುಪ್ತಲಿಪಿಯ ಬೀಗ ಹಾಕಿದ್ದರು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಸಂಶೋಧಕರು ಟೈಮ್‌ಸ್ಟ್ಯಾಂಪಿಗೆ ಚಳ್ಳೆಹಣ್ಣು ತಿನ್ನಿಸೋದು ಎಷ್ಟು ಸುಲಭ ಎಂದು ತೋರಿಸಿಯೇಬಿಟ್ಟರು.

ಮೇಜಿನ ಮೇಲಿನ ಆಟಕ್ಕೂ ಈಗ ಸಾಫ್ಟ್‌ವೇರ್ ಗಡಿಯಾರ ಉಂಟು. ಫೋನನ್ನು ಬೋರ್ಡಿನ ಪಕ್ಕ ಮಲಗಿಸಿದರೆ ಪರದೆ ಎರಡು ಹೋಳು, ಎದುರಾಳಿಯ ಅಂಕಿಗಳು ನಮಗೆ ತಲೆಕೆಳಗು. ದುಡ್ಡು ಕೊಡಬೇಕಿಲ್ಲ. ಆದರೆ ಬೆರಳು ಬೆವರಿದ್ದರೆ ಒತ್ತಿದ್ದು ತಾಗಲ್ಲ, ಗುಂಡಿ ಕೆಳಗಿಳಿದ 'ಟಕ್' ಅನ್ನೋ ಸದ್ದೂ ಇಲ್ಲ. ಒಮ್ಮೆ ನಾನು ಗೆಲ್ಲುವ ಆಟದಲ್ಲಿ ಯಾವುದೋ ಸಾಲದ ಕಂಪನಿಯ ಕಾಲ್ ಬಂದು ಗಡಿಯಾರವೇ ಪರದೆಯಿಂದ ಮಾಯವಾಯಿತು. ಟೂರ್ನಿಗಳಲ್ಲಿ ಈ ಸಂಗತಿಯೇ ಹುಟ್ಟಲ್ಲ. ಆಡುವಾಗ ಆಟಗಾರನ ಬಳಿ ಫೋನ್ ಇರುವಂತಿಲ್ಲ.

ಮತ್ತೆ ಆ ಒಲಿಂಪಿಯಾಡ್ ವಿಷಯ. ಫೈನಲ್‌ಗೂ ಮುಂಚೆ, ಕ್ವಾರ್ಟರ್ ಫೈನಲ್‌ನಲ್ಲಿ, ಅರ್ಮೇನಿಯಾದ ಹೈಕ್ ಮಾರ್ತಿರೋಸ್ಯಾನ್ ಅವರಿಗೂ ಸಂಪರ್ಕ ತಪ್ಪಿತ್ತು. ಅವರೂ ಟೈಮ್ ಮುಗಿದೇ ಸೋತರು. ಎದುರಿಗಿದ್ದವರು ಇದೇ ನಿಹಾಲ್. ಅರ್ಮೇನಿಯಾ ದೂರು ಕೊಟ್ಟಿತು, ದೂರು ತಿರಸ್ಕಾರವಾಯಿತು. ಎರಡನೇ ಪಂದ್ಯ ಆಡದೆ ಆ ತಂಡ ಎದ್ದುಹೋಯಿತು.